ಗುಜರಿಯವನು ಬೇಡವೆಂದದ್ದು

ಶಾಲೆಗಳ ವಸ್ತುಪ್ರದರ್ಶನದಲ್ಲಿ ಈಗ ‘ಕಸದಿಂದ ರಸ’ದ ಮೇಜೊಂದು ಇದ್ದೇ ಇರುತ್ತದೆ. ನೀರಿನ ಬಾಟಲಿಯನ್ನು ಅಡ್ಡಡ್ಡ ಕತ್ತರಿಸಿ, ಹೊರಗೆ ಬಣ್ಣ ಬಳಿದು, ಒಳಗೆ ಮಣ್ಣು ತುಂಬಿ, ಮನಿಪ್ಲಾಂಟಿನ ಒಂದು ಬಳ್ಳಿ ನೆಟ್ಟಿರುತ್ತಾರೆ. ಅತಿಥಿಗಳು ಮಕ್ಕಳ ಬೆನ್ನು ತಟ್ಟುತ್ತಾರೆ, ಫೋಟೊ ತೆಗೆಯುತ್ತಾರೆ. ಮಕ್ಕಳ ಕೈಕೆಲಸದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಬಾಟಲಿಯ ಕಡೆಯಿಂದ ಸ್ವಲ್ಪ ಲೆಕ್ಕ ಹಾಕಿ ನೋಡಿ. ಕತ್ತರಿ ಬೀಳುವ ಮೊದಲು ಅದು ಯಾವುದೇ ಗುಜರಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಹೋಗುವ ಮಾಲು. ಬಣ್ಣ ಬಳಿದು ಮಣ್ಣು ಮೆತ್ತಿದ ಮೇಲೆ ಅದನ್ನು ಯಾರೂ ಕೊಳ್ಳುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಗಿಡ ಒಣಗುತ್ತದೆ, ಬಾಟಲಿ ತಿಪ್ಪೆಗೆ ಹೋಗುತ್ತದೆ. ರಸವಾಗಿದ್ದುದನ್ನು ಕೈಯಾರೆ ಕಸ ಮಾಡಿ ಅದಕ್ಕೊಂದು ಬಹುಮಾನವನ್ನೂ ಕೊಟ್ಟಂತಾಯಿತು.

‘ಇಕೋ ಬ್ರಿಕ್’ ಎಂಬ ಇನ್ನೊಂದು ಉತ್ಸಾಹವೂ ಹೀಗೆಯೇ. ಬಿಸ್ಕತ್ತು, ಚಿಪ್ಸ್ ಪ್ಯಾಕೆಟ್ಟುಗಳನ್ನೆಲ್ಲ ಖಾಲಿ ಬಾಟಲಿಯೊಳಗೆ ಕೋಲಿನಿಂದ ಗಿಡಿದು ತುಂಬಿ ಇಟ್ಟಿಗೆಯಂತೆ ಜೋಡಿಸುವುದು. ಮರುಬಳಕೆಯಾಗದ ಪ್ಯಾಕೆಟ್ಟು ಹೇಗೂ ಆಗುವುದಿಲ್ಲ. ಆಗಬಹುದಾಗಿದ್ದ ಬಾಟಲಿಯೂ ಅದರ ಜೊತೆ ಸೇರಿ ಕೆಟ್ಟಿತು.

ಈ ಎರಡು ಉದಾಹರಣೆ ಎತ್ತಿದ್ದು ಮಕ್ಕಳನ್ನೋ ಟೀಚರುಗಳನ್ನೋ ಹಂಗಿಸಲಿಕ್ಕಲ್ಲ. ಮನೆಗಸದ ಮರುಬಳಕೆಯ ಬಗ್ಗೆ ನಾವು ಓದುವ, ಕೇಳುವ, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನವೂ ಒಬ್ಬರಿಗೊಬ್ಬರು ಕಳಿಸುವ ಮಾತುಗಳೆಲ್ಲ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಒಣಕಸವನ್ನು ಶಿಸ್ತಾಗಿ ಬೇರ್ಪಡಿಸಿ ಕೊಟ್ಟರೆ ಅದು ಮತ್ತೆ ವಸ್ತುವಾಗುತ್ತದೆ, ಪರಿಸರ ಉಳಿಯುತ್ತದೆ, ಆಗದೇ ಹೋದರೆ ಅದಕ್ಕೆ ಕಾರಣ ನಾಗರಿಕರ ಸೋಮಾರಿತನ. ಇದರಲ್ಲಿ ಅರ್ಧ ಮಾತ್ರ ನಿಜ. ಮರುಬಳಕೆ ಒಂದು ವ್ಯಾಪಾರ. ಬೆಲೆಯಿರುವ ವಸ್ತು ನಮ್ಮ ಉಪದೇಶವಿಲ್ಲದೆಯೂ ಮರುಬಳಕೆಯಾಗುತ್ತಿತ್ತು, ಆಗುತ್ತಲೇ ಇದೆ. ಬೆಲೆಯಿಲ್ಲದ್ದು ನಾವು ಎಷ್ಟೇ ತೊಳೆದು, ಒಣಗಿಸಿ, ಮಡಚಿ ಕೊಟ್ಟರೂ ಆಗುವುದಿಲ್ಲ.

ಮೊದಲ ಮಾತಿಗೆ ಹೆಚ್ಚು ಸಾಕ್ಷಿ ಬೇಕಿಲ್ಲ. ‘ಹಳೇ ಪೇಪರ್, ಹಳೇ ಕಬ್ಬಿಣ’ ಎಂದು ಕೂಗುತ್ತ ಸೈಕಲ್ಲಿನಲ್ಲಿ ಬರುವವನು ಯಾವ ಸ್ವಚ್ಛತಾ ಅಭಿಯಾನಕ್ಕೂ ಕಾದು ಕೂತವನಲ್ಲ. ಹುಬ್ಬಳ್ಳಿ-ಧಾರವಾಡದ ಕಡೆ ರದ್ದಿ ಅಂಗಡಿಗೆ ಹಾಕುವುದು ಎಂದರೆ ಮನೆಯೊಡತಿಗೆ ಒಂದಿಷ್ಟು ಕೈಕಾಸು. ಜರಿ ಸೀರೆ ಕೊಟ್ಟು ಸ್ಟೀಲ್ ಡಬರಿ ತೆಗೆದುಕೊಳ್ಳುವಾಗ ನಮ್ಮ ಅಮ್ಮಂದಿರು ಮಾಡುತ್ತಿದ್ದ ಚೌಕಾಸಿಯ ಮುಂದೆ ಯಾವ ಷೇರು ದಲ್ಲಾಳಿಯೂ ನಿಲ್ಲಲಾರ. ಉಟ್ಟು ಸವೆದ ಇಳಕಲ್ಲು ಕೌದಿಯಾಗುತ್ತಿತ್ತು. ಕೌದಿ ಹರಿದರೆ ಮಕ್ಕಳ ಹಾಸಿಗೆ, ಅದೂ ಹರಿದರೆ ನೆಲ ಒರೆಸುವ ಬಟ್ಟೆ. ಇದನ್ನೆಲ್ಲ ಇಂದು ‘ನಮ್ಮ ಹಿರಿಯರ ಪರಿಸರ ಪ್ರಜ್ಞೆ’ ಎಂದು ಹೊಗಳುವವರಿದ್ದಾರೆ. ಪ್ರಜ್ಞೆಗಿಂತ ಹೆಚ್ಚಾಗಿ ಅಲ್ಲಿದ್ದದ್ದು ಬಡತನ. ಅದರ ಜೊತೆಗೆ ಹತ್ತಿಬಟ್ಟೆಯ ಗುಣ. ಇವತ್ತಿನ ಪಾಲಿಯೆಸ್ಟರ್ ಸೀರೆ ನೀರನ್ನೇ ಹೀರುವುದಿಲ್ಲ, ಅದರಿಂದ ನೆಲ ಒರೆಸುವುದೆಲ್ಲಿ ಬಂತು?

ಬೆಂಗಳೂರಿನ ಚಿಕ್ಕಪೇಟೆ ಆಸುಪಾಸಿನ ಜಾಲಿ ಮೊಹಲ್ಲಾದ ಗುಜರಿ ಸಾಲಿಗೆ, ಮೈಸೂರು ರಸ್ತೆಯ ನಾಯಂಡಹಳ್ಳಿಯ ಪ್ಲಾಸ್ಟಿಕ್ ಪುಡಿ ಮಾಡುವ ಶೆಡ್ಡುಗಳಿಗೆ ಹೋದವರಿಗೆ ಈ ವ್ಯಾಪಾರದ ಹರವು ಗೊತ್ತು. ನಗರದ ಒಣಕಸದ ನಿಜವಾದ ಮರುಬಳಕೆ ನಡೆಯುವುದು ಅಲ್ಲಿ. ಅಲ್ಲಿ ಆಗುವ ಲಾಭ ಸಣ್ಣದೂ ಅಲ್ಲ. ಹಳೆಯ ಅಲ್ಯೂಮಿನಿಯಂ ಪಾತ್ರೆಯನ್ನು ಕರಗಿಸಿ ಹೊಸದು ಮಾಡಲು ಬೇಕಾಗುವ ಶಕ್ತಿ, ಬಾಕ್ಸೈಟ್ ಅದಿರಿನಿಂದ ಮಾಡುವುದಕ್ಕೆ ಬೇಕಾದದ್ದರ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಕಬ್ಬಿಣದಲ್ಲೂ ದೊಡ್ಡ ಉಳಿತಾಯವಿದೆ. ಕಾಗದವನ್ನು ಸುಮಾರು ಐದರಿಂದ ಏಳು ಸಲ ಮತ್ತೆ ಕಾಗದ ಮಾಡಬಹುದು, ಆಮೇಲೆ ಅದರ ನಾರು ಗಿಡ್ಡವಾಗಿ ಕೈಕೊಡುತ್ತದೆ. ಲೋಹ, ರಟ್ಟು, ಕಾಗದದ ಮಟ್ಟಿಗೆ ಮರುಬಳಕೆಯ ಪರವಾಗಿ ಹೇಳುವುದೆಲ್ಲ ಸರಿಯೇ. ತೊಂದರೆ ಏನೆಂದರೆ, ಈ ಪುಣ್ಯವನ್ನು ನಾವು ಇಡೀ ಒಣಕಸದ ಬುಟ್ಟಿಯ ಖಾತೆಗೆ ಜಮಾ ಮಾಡಿಕೊಂಡಿದ್ದೇವೆ.

ವಾರ್ಡಿನ ಒಣಕಸ ಸಂಗ್ರಹ ಕೇಂದ್ರಕ್ಕೆ ಹೋಗಿ, ವಿಂಗಡಿಸುವ ಹೆಂಗಸರ ಪಕ್ಕ ಸ್ವಲ್ಪ ಹೊತ್ತು ಕೂತರೆ ಬೆಲೆಯ ಗೆರೆ ಎಲ್ಲಿ ಹಾದುಹೋಗುತ್ತದೆಂದು ಕಣ್ಣಿಗೇ ಕಾಣುತ್ತದೆ. ಕವರನ್ನು ಕಿವಿಯ ಹತ್ತಿರ ಹಿಡಿದು ಮುದುರುತ್ತಾರೆ. ಚರಚರ ಎಂದರೆ ಒಂದು ಗುಡ್ಡೆಗೆ, ಸದ್ದಿಲ್ಲದೆ ಮೆತ್ತಗೆ ಮುದುರಿದರೆ ಇನ್ನೊಂದು ಗುಡ್ಡೆಗೆ. ನೀರಿನ ಬಾಟಲಿ ಸಿಕ್ಕರೆ ಮುಚ್ಚಳ ತಿರುಗಿಸಿ ತೆಗೆದು ಬೇರೆ ಚೀಲಕ್ಕೆ, ಕತ್ತಿನ ಉಂಗುರವನ್ನು ಚಾಕುವಿನಿಂದ ಎತ್ತಿ ಅದೇ ಚೀಲಕ್ಕೆ, ಲೇಬಲ್ಲು ಹರಿದು ಪಕ್ಕಕ್ಕೆ. ಬಾಟಲಿ ಒಂದೇ ಆದರೂ ಪ್ಲಾಸ್ಟಿಕ್ಕು ಎರಡು ಮೂರು ಜಾತಿಯದು. ಇವರು ತಪ್ಪಿಸಿಕೊಂಡದ್ದನ್ನು ಪುಡಿ ಮಾಡುವ ಶೆಡ್ಡಿನ ನೀರಿನ ತೊಟ್ಟಿ ಹಿಡಿಯುತ್ತದೆ: ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಹಾಲಿನ ಕವರಿಗೆ ಬೆಲೆಯಿದೆ, ತೊಳೆದಿದ್ದರೆ. ಹಾಲಿನ ಪಸೆ ಉಳಿದು ಎರಡು ದಿನ ಚೀಲದಲ್ಲಿ ಕೂತರೆ ಅದರ ವಾಸನೆಯನ್ನು ಸಹಿಸಬೇಕಾದವರು ಈ ಹೆಂಗಸರೇ. ಅಂದಹಾಗೆ, ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡುತ್ತೇವಲ್ಲ, ಆ ಬೆರಳುಗುರಿನಷ್ಟು ಚೂರು ಯಾರ ಕೈಗೂ ಸಿಗದೆ ನೇರ ಮೋರಿಗೆ ಹೋಗುತ್ತದೆ. ಸೀಳು ಕೊಟ್ಟು ಬಿಟ್ಟರೆ ಸಾಕು.

ಇನ್ನು ಕೊನೆಗೆ ಉಳಿಯುವ ಗುಡ್ಡೆ. ಚಿಪ್ಸ್, ಕುರುಕಲು ತಿಂಡಿ, ಶಾಂಪೂ, ಪಾನ್ ಮಸಾಲದ ಪೌಚುಗಳು. ಹೊರಗೆ ಬಣ್ಣದ ಅಚ್ಚಿರುವ ಒಂದು ಪ್ಲಾಸ್ಟಿಕ್ ಪದರ, ನಡುವೆ ಹೊಳೆಯುವ ಅಲ್ಯೂಮಿನಿಯಂ ಲೇಪ, ಒಳಗೆ ಬಿಸಿಗೆ ಅಂಟಿಕೊಳ್ಳುವ ಇನ್ನೊಂದು ಪ್ಲಾಸ್ಟಿಕ್. ಮೂರನ್ನೂ ಬಿಡಿಸಲಾಗದಂತೆ ಬೆಸೆದಿರುತ್ತಾರೆ. ಗರಿಗರಿ ಕೆಡದಿರಲೆಂದೇ ಬೆಸೆದದ್ದು ಅದು, ಬಿಡಿಸಲಿಕ್ಕಲ್ಲ. ಕಿವಿಯ ಹತ್ತಿರ ಹಿಡಿಯುವ ಗೋಜಿಗೂ ಹೋಗದೆ ಇದನ್ನು ಪಕ್ಕಕ್ಕೆಸೆಯುತ್ತಾರೆ. ಇದರ ಒಂದು ಪಾಲು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಲ್ಲಿದ್ದಲಿನ ಜೊತೆ ಉರಿಯಲು ಹೋಗುತ್ತದೆ. ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಬದಲಿಗೆ ಲಾರಿ ಬಾಡಿಗೆಯನ್ನು ಯಾರಾದರೂ ಹೊರಬೇಕು. ಉಳಿದದ್ದು ಹಳೆಯ ಕಲ್ಲುಕ್ವಾರಿಗಳ ಹೊಂಡಕ್ಕೆ. ಥರ್ಮಾಕೋಲಿನದು ಬೇರೆಯೇ ಕಥೆ. ಬಹುಪಾಲು ಗಾಳಿಯೇ ಆದ ಅದನ್ನು ಲಾರಿ ತುಂಬ ಹೇರಿದರೂ ತೂಕಕ್ಕೆ ಏನೂ ಬರುವುದಿಲ್ಲ.

ಲೋಕದ ಲೆಕ್ಕವೂ ಇದಕ್ಕಿಂತ ಬೇರೆಯಲ್ಲ. ಪ್ಲಾಸ್ಟಿಕ್ ತಯಾರಿಕೆ ಶುರುವಾದಂದಿನಿಂದ 2015ರವರೆಗೆ ಕಸವಾಗಿ ಬಿದ್ದ ಸುಮಾರು 630 ಕೋಟಿ ಟನ್ ಪ್ಲಾಸ್ಟಿಕ್ಕಿನಲ್ಲಿ ಮರುಬಳಕೆಯಾದದ್ದು ಶೇ 9ರಷ್ಟು ಎಂದು 2017ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದರು. ಶೇ 12ರಷ್ಟನ್ನು ಸುಟ್ಟರು, ಮಿಕ್ಕದ್ದು ನೆಲದಲ್ಲಿ, ನೀರಿನಲ್ಲಿ ಹಾಗೇ ಇದೆ. ಮರುಬಳಕೆಯಾದ ಆ ಶೇ 9ರ ಪಾಡೂ ವಿಶೇಷವೇನಲ್ಲ. ಬಾಟಲಿ ಮತ್ತೆ ಬಾಟಲಿಯಾಗುವುದು ಕಡಿಮೆ. ಹೆಚ್ಚಿನದು ದಾರವಾಗಿ ಬಟ್ಟೆಯಾಗುತ್ತದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ಇಂಧನ ಸಪ್ತಾಹದಲ್ಲಿ ಇಂಡಿಯನ್ ಆಯಿಲ್ ಕಂಪನಿ ಬಾಟಲಿಯಿಂದ ಮಾಡಿದ ಸಮವಸ್ತ್ರಗಳನ್ನು ಬಿಡುಗಡೆ ಮಾಡಿತು. ಆ ಬಗೆಯ ನೀಲಿ ಜಾಕೆಟ್ಟನ್ನು ಪ್ರಧಾನಿ ಎರಡು ದಿನ ಬಿಟ್ಟು ಸಂಸತ್ತಿಗೂ ತೊಟ್ಟು ಹೋದರು. ಪತ್ರಿಕೆಗಳು ಕೊಂಡಾಡಿದವು. ಜಾಕೆಟ್ಟು ಹರಿದ ಮೇಲೆ ಮುಂದೇನು ಎಂಬುದು ಸುದ್ದಿಯಲ್ಲಿರಲಿಲ್ಲ. ಆ ಬಟ್ಟೆಯನ್ನು ಮತ್ತೆ ದಾರ ಮಾಡುವ ವ್ಯವಸ್ಥೆ ನಮ್ಮ ಗುಜರಿ ಸಾಲಿನಲ್ಲಿಲ್ಲ. ಬಾಟಲಿಯಾಗಿ ಉಳಿದಿದ್ದರೆ ಇನ್ನೂ ಒಂದೆರಡು ಸುತ್ತು ಬರಬಹುದಿತ್ತು, ಬಟ್ಟೆಯಾದ ಮೇಲೆ ಅದೇ ಕೊನೆಯ ನಿಲ್ದಾಣ. ಸಾಲದ್ದಕ್ಕೆ ಪ್ರತಿ ಒಗೆತಕ್ಕೂ ಕಣ್ಣಿಗೆ ಕಾಣದ ಎಳೆಗಳನ್ನು ನೀರಿಗೆ ಬಿಡುತ್ತ ಹೋಗುತ್ತದೆ.

‘ಹಾಗಾದರೆ ಕಸ ಬೇರ್ಪಡಿಸುವುದೇ ಬೇಡವೇ?’ ಎಂಬ ಪ್ರಶ್ನೆ ಈ ಹೊತ್ತಿಗೆ ಬಂದಿರುತ್ತದೆ. ಇದಕ್ಕೆ ಉತ್ತರ ಹೇಳುವ ಮೊದಲು, ಬೇರ್ಪಡಿಸುವ ನಿಯಮ ನಮ್ಮಲ್ಲಿ ಯಾಕೆ ಬಂತು ಎಂಬುದನ್ನು ನೆನಪು ಮಾಡಿಕೊಳ್ಳಬೇಕು. ಅದು ಮರುಬಳಕೆಯ ಕನಸಿನಿಂದ ಬಂದದ್ದಲ್ಲ. 2012ರಲ್ಲಿ ಮಾವಳ್ಳಿಪುರದ ಜನ ಸಾಕಪ್ಪಾ ಸಾಕು ಎಂದು ಲಾರಿ ತಡೆದರು, ಅಲ್ಲಿನ ಕಸದ ಗುಡ್ಡ ಮುಚ್ಚಿತು, ಬೆಂಗಳೂರಿನ ಬೀದಿಗಳು ನಾರಿದವು. ಅದೇ ವರ್ಷದ ಅಕ್ಟೋಬರಿನಿಂದ ಮೂಲದಲ್ಲೇ ಕಸ ವಿಂಗಡಣೆ ಕಡ್ಡಾಯ ಎಂದರು. ಲಾರಿಗಳು ಮಂಡೂರಿನತ್ತ ತಿರುಗಿದವು, ಅಲ್ಲಿಯ ಜನರೂ ರಸ್ತೆಗಿಳಿದರು, 2014ರ ಕೊನೆಗೆ ಅದೂ ಮುಚ್ಚಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲದ ಆದೇಶ ಕೊಟ್ಟಿತು: ಹಸಿಗೆ ಹಸಿರು ಬುಟ್ಟಿ, ಡೈಪರ್, ಪ್ಯಾಡ್, ಬ್ಯಾಂಡೇಜಿನಂಥವಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ. ಇಷ್ಟಕ್ಕೆಲ್ಲ ಕಾರಣ ಹಳ್ಳಿಯವರ ಮೂಗಿಗೆ, ಬಾವಿಗೆ, ಮಕ್ಕಳ ಮೈಗೆ ಬಂದ ಕೇಡು. ಆ ಕೇಡು ಬಂದದ್ದು ಪ್ಲಾಸ್ಟಿಕ್ಕಿನ ಜೊತೆ ಕೊಳೆಯುತ್ತಿದ್ದ ಹಸಿಕಸದಿಂದ, ಅದರಿಂದ ಇಳಿಯುವ ಕಪ್ಪು ರಸದಿಂದ.

ನಮ್ಮ ಊರುಗಳ ಮನೆಗಸದಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಹಸಿಕಸವೇ. ಬಾಳೆಸಿಪ್ಪೆ, ಸೊಪ್ಪಿನ ದಂಟು, ಮಿಕ್ಕ ಅನ್ನ. ಮರುಬಳಕೆಯ ಮಾತಾಡುವಾಗ ನಮ್ಮ ಕಣ್ಣಿಗೆ ಬರುವುದು ಮಾತ್ರ ಬಾಟಲಿ. ಗಾಳಿಯಾಡದೆ ಗುಡ್ಡೆಯ ಅಡಿಯಲ್ಲಿ ಕೊಳೆಯುವ ಅನ್ನ ಮೀಥೇನ್ ಬಿಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು ಬಿಸಿ ಹಿಡಿದಿಡುವ ಅನಿಲ. ಗುಡ್ಡೆಗೆ ಬೆಂಕಿ ಬೀಳುವುದೂ ಇದರಿಂದಲೇ. 2019ರ ಆಗಸ್ಟಿನ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆಗಳ ಮೇಲೆ, ಅಡಿಕೆ-ತೆಂಗಿನ ತೋಟಗಳ ಮೇಲೆ ಹರಿಯಿತು. ತಲೆಮಾರುಗಳಿಂದ ಇದ್ದ ಸಂಸಾರಗಳು ಮನೆ ಬಿಟ್ಟು ಹೋಗಬೇಕಾಯಿತು. ತೋಟಕ್ಕೆ ಬಂದು ಬಿದ್ದದ್ದು ನಗರ ಬೇರ್ಪಡಿಸದೆ ಕಳಿಸಿದ್ದ ಅಡುಗೆಮನೆ.

ಆದ್ದರಿಂದ ಬೇರ್ಪಡಿಸಲೇಬೇಕು. ಹಸಿಕಸ ಹೊಲದ ಗೊಬ್ಬರವಾಗಲಿಕ್ಕೆ, ಒಣಕಸ ವಿಂಗಡಿಸುವವರ ಕೈಗೆ ಕೊಳೆತ ಸಾರು ತಾಗದೆ ಇರಲಿಕ್ಕೆ, ಬ್ಲೇಡು, ಒಡೆದ ಗಾಜು ಅವರ ಬೆರಳು ಸೀಳದೆ ಇರಲಿಕ್ಕೆ. ಮರುಬಳಕೆಯ ಭರವಸೆಗಿಂತ ಇವು ಗಟ್ಟಿಯಾದ ಕಾರಣಗಳು. ಹೇಳಲು ಅಷ್ಟು ಚೆಂದವಿಲ್ಲ, ಅಷ್ಟೇ.

ಚೆಂದವಿಲ್ಲದ್ದಕ್ಕೆ ನಾವು ಏನು ಮಾಡುತ್ತೇವೆ ಎಂಬುದಕ್ಕೂ ಒಂದು ಉದಾಹರಣೆ ಇಲ್ಲೇ ಇದೆ. ನಗರದ ಕಸವನ್ನು ಗೊಬ್ಬರ ಮಾಡಲೆಂದೇ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತು. ಆಗ ಅದರ ಘಟಕ ಇದ್ದದ್ದು ಊರಾಚೆ. ಸುತ್ತ ಎಚ್‌ಎಸ್‌ಆರ್ ಬಡಾವಣೆ ಬೆಳೆಯಿತು. ಬಡಾವಣೆಯವರು ವಾಸನೆ ತಾಳಲಾರದೆ ಘಟಕದ ವಿರುದ್ಧ ನಿಂತರು. ಅವರ ದೂರು ಸುಳ್ಳಲ್ಲ. ಬೆರಕೆ ಕಸ ಬಂದರೆ ಎಂಥ ಗೊಬ್ಬರದ ಘಟಕವೂ ನಾರುತ್ತದೆ. ಆದರೆ ಆ ಬೆರಕೆ ಎಲ್ಲಿಂದ ಬಂತು? ಮಂಡೂರಿನವರು ಎತ್ತಿದ ಪ್ರಶ್ನೆಯೂ ಇದೇ ಆಗಿತ್ತು. ಹಾಲಿನ ಕವರು ತೊಳೆದು ಒಣಹಾಕುವವರು ಈಗ ಬೇಕಾದಷ್ಟು ಜನ. ತಮ್ಮ ಬೀದಿಯ ಕೊನೆಯಲ್ಲಿ ಒಂದು ಗೊಬ್ಬರದ ತೊಟ್ಟಿ ಇರಲಿ ಎನ್ನುವವರನ್ನು ಹುಡುಕಬೇಕು.

ಮರುಬಳಕೆಯ ನಂಬಿಕೆ ಹೀಗೆ ತಪ್ಪು ಕಡೆ ನೋಡುವಂತೆ ಮಾಡುವುದಷ್ಟೇ ಅಲ್ಲ, ಕೈ ಸಡಿಲ ಬಿಡುವಂತೆಯೂ ಮಾಡುತ್ತದೆ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನರ ಕೈಗೆ ಕತ್ತರಿ, ಕಾಗದ ಕೊಟ್ಟು ಕತ್ತರಿಯ ಹರಿತ ನೋಡಿ ಹೇಳಿ ಎಂದರು. ಪಕ್ಕದಲ್ಲಿ ಮರುಬಳಕೆಯ ಡಬ್ಬ ಇಟ್ಟಾಗ ಜನ ಹೆಚ್ಚು ಕಾಗದ ಕತ್ತರಿಸಿದರು. ಅಷ್ಟು ದೂರದ ಪ್ರಯೋಗವೂ ಬೇಡ. ನಮ್ಮ ಮದುವೆಮನೆಗಳಲ್ಲಿ ಎಲೆಯ ಮುಂದೆ ಅರ್ಧ ಕುಡಿದಿಟ್ಟ ಪುಟ್ಟ ನೀರಿನ ಬಾಟಲಿಗಳ ಸಾಲು ನೋಡಿ. ಸ್ಟೀಲ್ ಲೋಟ ಇಟ್ಟು ಜಗ್ಗಿನಲ್ಲಿ ನೀರು ಬಡಿಸುತ್ತಿದ್ದ ಕೈಗಳು ಎಲ್ಲೂ ಹೋಗಿಲ್ಲ. ಕೇಳಿದರೆ ‘ಬಾಟಲಿ ರೀಸೈಕಲ್‌ಗೆ ಹೋಗುತ್ತೆ ಸಾರ್’ ಎನ್ನುತ್ತಾರೆ ಅಡುಗೆ ಗುತ್ತಿಗೆಯವರು.

ಈ ಸಮಾಧಾನದಿಂದ ಎಲ್ಲರಿಗಿಂತ ಹೆಚ್ಚು ಅನುಕೂಲ ಯಾರಿಗೆ? ಬೆಸೆದ ಪೌಚು ಮಾಡುವವರಿಗೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಮರುಬಳಕೆ ಮಾಡಲಾಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷದಲ್ಲಿ ಹಂತಹಂತವಾಗಿ ನಿಲ್ಲಿಸಬೇಕು ಎಂದಿದ್ದವು. ಗಡುವು ಬಂದ 2018ರಲ್ಲಿ ನಿಯಮವನ್ನೇ ತಿದ್ದಿದರು. ಮರುಬಳಕೆಯಾಗದಿದ್ದರೇನು, ಉರಿಸಿ ಶಕ್ತಿ ತೆಗೆಯುವುದಕ್ಕೋ ಬೇರೇನಾದರೂ ಉಪಯೋಗಕ್ಕೋ ಬರುವಂತಿದ್ದರೆ ಇರಲಿ ಎಂಬಂತಾಯಿತು. ಬೆಂಕಿಗೆ ಹಾಕಿದರೆ ಉರಿಯದ ಪ್ಲಾಸ್ಟಿಕ್ಕು ಯಾವುದಿದೆ? ಒಂದು ತಿದ್ದುಪಡಿಯಿಂದ ದೇಶದ ಅಷ್ಟೂ ಪೌಚುಗಳು ನಿಯಮದ ಕೈಯಿಂದ ಜಾರಿದವು. ಆ ಬಳಿಕ, 2022ರಲ್ಲಿ, ತಯಾರಕರೇ ಹೊಣೆ ಹೊತ್ತು ಮರುಬಳಕೆಯ ಸರ್ಟಿಫಿಕೇಟು ಕೊಳ್ಳುವ ವ್ಯವಸ್ಥೆ ಬಂತು. ಮರುವರ್ಷವೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿ ಸುಮಾರು 6 ಲಕ್ಷ ಸುಳ್ಳು ಸರ್ಟಿಫಿಕೇಟುಗಳು ಸಿಕ್ಕಿಬಿದ್ದವು. ಕಾಗದದ ಮೇಲೆ ಮರುಬಳಕೆಯಾದ ಪ್ಲಾಸ್ಟಿಕ್ಕು ಎಂದರೆ ಇದೇ. ನಿಜವಾಗಿ ಪ್ಲಾಸ್ಟಿಕ್ ಕೊಳ್ಳುವ-ಮಾರುವ ಗುಜರಿಯವರಿಗೆ ಏನು ಸಿಕ್ಕಿತು? 2021ರ ಅಕ್ಟೋಬರಿನಲ್ಲಿ ಹಳೆ ಪ್ಲಾಸ್ಟಿಕ್ಕಿನ ಮೇಲಿನ ಜಿಎಸ್‌ಟಿ ಶೇ 5ರಿಂದ 18ಕ್ಕೆ ಏರಿತು.

ನಾಗರಿಕರಿಗೆ ಈ ಮಾತೆಲ್ಲ ಹೇಳಿದರೆ ಇರುವ ಉತ್ಸಾಹವೂ ಹೋಗುತ್ತದೆ, ಹೇಗೋ ಚೂರುಪಾರು ನಡೆಯುತ್ತಿರುವುದು ನಡೆಯಲಿ ಬಿಡಿ ಎಂದು ನನ್ನ ಸ್ನೇಹಿತರೇ ಗದರುತ್ತಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಸುಳ್ಳು ಭರವಸೆಯ ಮೇಲೆ ನಿಂತ ಉತ್ಸಾಹ ಬಹಳ ದಿನ ಬಾಳುವುದಿಲ್ಲ. ತಾನು ತೊಳೆದು ಬೇರೆ ಇಟ್ಟದ್ದನ್ನು ಆಟೋ ಟಿಪ್ಪರಿನವನು ಒಂದೇ ರಾಶಿಗೆ ಸುರಿದದ್ದನ್ನು ನೋಡಿದ ದಿನವೇ ಮುಕ್ಕಾಲು ಮಂದಿ ಬೇರ್ಪಡಿಸುವುದನ್ನು ನಿಲ್ಲಿಸುತ್ತಾರೆ. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ತಿಳಿದವರು ಕಡೇಪಕ್ಷ ಬೈಯಬೇಕಾದವರನ್ನು ಬೈಯುತ್ತಾರೆ.

ಬೆಲೆಯಿಲ್ಲದ್ದಕ್ಕೆ ಬೆಲೆ ಹುಟ್ಟಿಸುವುದು ಸಾಧ್ಯವೂ ಇದೆ. ಅದಕ್ಕೆ ಜಾಗೃತಿ ಜಾಥಾ ಬೇಕಿಲ್ಲ. ಬಂಡೀಪುರ ದಾಟಿದರೆ ಸಿಗುವ ನೀಲಗಿರಿ ಜಿಲ್ಲೆಯಲ್ಲಿ ಕುಡಿದು ಬಿಸಾಡಿದ ಬಾಟಲಿಗಳ ಚೂರು ಆನೆಗಳ ಕಾಲಿಗೆ ಚುಚ್ಚುತ್ತಿದ್ದವು. ಮದ್ರಾಸ್ ಹೈಕೋರ್ಟಿನ ಮಾತಿನ ಮೇಲೆ 2022ರಲ್ಲಿ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳು ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ತೆಗೆದುಕೊಂಡು, ಖಾಲಿ ಬಾಟಲಿ ತಂದರೆ ಮರಳಿಸತೊಡಗಿದವು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಾಟಲಿ ವಾಪಸು ಬಂದವು. ಕುಡಿದವನು ಬಿಸಾಡಿದ್ದನ್ನೂ ಇನ್ನೊಬ್ಬ ಹೆಕ್ಕಿ ತಂದ. ಯಾರ ಪರಿಸರ ಪ್ರಜ್ಞೆಯೂ ಒಂದು ಗುಲಗಂಜಿಯಷ್ಟೂ ಹೆಚ್ಚಬೇಕಾಗಲಿಲ್ಲ.

ನಮ್ಮಲ್ಲಿ ಅಗ್ಗದ ಮದ್ಯ ಬಹುಪಾಲು ಮಾರಾಟವಾಗುವುದು ಟೆಟ್ರಾ ಪ್ಯಾಕಿನಲ್ಲಿ. ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಬೆಸೆದ ಪುಟ್ಟ ಪೊಟ್ಟಣ. ರಸ್ತೆ ಬದಿಯ ಹೊಲದಲ್ಲಿ ಉಳುವಾಗ ನೇಗಿಲಿಗೆ ಸಿಗುವುದು ಅದೇ, ಕೆರೆಯ ಕೋಡಿಯಲ್ಲಿ ತೇಲುವುದು ಅದೇ. ಗುಜರಿಯವನು ಅದನ್ನು ಬಗ್ಗಿ ಎತ್ತುವುದಿಲ್ಲ. ರಾಜ್ಯದಲ್ಲಿ ಮಾರಾಟವಾಗುವ ಪ್ರತಿ ಪೆಟ್ಟಿಗೆಯೂ ಸರ್ಕಾರದ್ದೇ ಆದ ಪಾನೀಯ ನಿಗಮದ ಗೋದಾಮು ಹಾದು ಬರುತ್ತದೆ. ಯಾವ ಅಂಗಡಿಗೆ ಯಾವ ದಿನ ಎಷ್ಟು ಹೋಯಿತೆಂಬ ಲೆಕ್ಕ ನಿಗಮದ ಬಳಿ ಇದೆ, ಅದರ ಮೇಲೆ ಸುಂಕ ವಸೂಲಾಗುತ್ತದೆ. ಪ್ರತಿ ಪೊಟ್ಟಣದ ಮೇಲೆ ಎರಡೋ ಮೂರೋ ರೂಪಾಯಿ ಠೇವಣಿ ಹಾಕಿ, ಖಾಲಿ ತಂದವರಿಗೆ ಅದೇ ಅಂಗಡಿಯಲ್ಲಿ ಕೊಟ್ಟುಬಿಡಿ ಎನ್ನಲು ಹೊಸ ಇಲಾಖೆ ಬೇಡ, ಅಬಕಾರಿ ಇಲಾಖೆಯ ಒಂದು ಆದೇಶ ಸಾಕು. ಹಾಲಿನ ಕವರು ತೊಳೆಯುವ ಹೆಂಗಸಿಗೆ ಕಸದ ಪಾಠ ಹೇಳುವ ಸರ್ಕಾರ ತನ್ನದೇ ಗೋದಾಮಿನಿಂದ ಹೊರಡುವ ಈ ಪೊಟ್ಟಣದ ಬಗ್ಗೆ ಈವರೆಗೆ ಏನು ಮಾಡಿದೆ ಎಂದು ಮುಂದಿನ ವಾರ್ಡ್ ಸಭೆಯಲ್ಲಿ ಯಾರಾದರೂ ಎದ್ದು ಕೇಳಬೇಕು.